ಸಹಾಯ ಬೇಕು: ಆರನೇ ವಾರ, ರಾತ್ರಿ ಹೊತ್ತು ಶುಗರ್ ಇಳಿಯುತ್ತಿದೆ

ನನಗೆ ಟೈಪ್ 1 ಡಯಾಬಿಟಿಸ್, ಇನ್ಸುಲಿನ್ ತಗೊಳ್ಳುತ್ತೇನೆ. ಈಗ ಆರು ವಾರದ ಗರ್ಭಿಣಿ. ಮೊನ್ನೆ ರಾತ್ರಿ ಮೂರಕ್ಕೆ ಎಚ್ಚರವಾದಾಗ ದಿಂಬೆಲ್ಲ ಬೆವರಿನಿಂದ ಒದ್ದೆ. ಕೈ ನಡುಗಿ ನಡುಗಿ ಎರಡು ಸ್ಟ್ರಿಪ್ ಹಾಳಾದವು. ಮೂರನೆಯದು 48 ತೋರಿಸಿತು. ಗ್ಲೂಕೋಸ್ ಮಾತ್ರೆ ಜಗಿದು 15 ನಿಮಿಷ ಬಿಟ್ಟು ನೋಡಿದರೆ 76. ಈ ವಾರ ಇದು ಮೂರನೇ ಸಲ.

ಮೊದಲ ಮೂರು ತಿಂಗಳು ಹೀಗೆ ಇಳಿಯುವುದು ಮಾಮೂಲು ಎಂದು ಡಾಕ್ಟರ್ ಡೋಸ್ ಕಡಿಮೆ ಮಾಡಿದ್ದಾರೆ. ಆದರೂ ತಲೆಯಲ್ಲಿ ಹುಳ ಕೊರೆಯುತ್ತಿದೆ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಳಿಕೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28ನೇ ದಿನದ ಆಸುಪಾಸು. ಗರ್ಭದ ವಾರಗಳನ್ನು ಕೊನೆಯ ಮುಟ್ಟಿನಿಂದ ಎಣಿಸುವುದರಿಂದ, ಅಂದರೆ ಸರಿಯಾಗಿ ಈಗಲೇ! ಆ ಹೊತ್ತಿಗೆ ಭ್ರೂಣಕ್ಕೆ ಗ್ಲೂಕೋಸೇ ಮುಖ್ಯ ಇಂಧನ. ಲ್ಯಾಬಿನಲ್ಲಿ ಇಲಿ ಭ್ರೂಣಗಳಿಗೆ ಗ್ಲೂಕೋಸ್ ತೀರಾ ಕಡಿಮೆಯಾದಾಗ ಬೆಳವಣಿಗೆ ಕುಂಠಿತವಾಗಿದೆ, ದೋಷಗಳೂ ಕಂಡಿವೆ. ಮನುಷ್ಯರಲ್ಲಿ ಅಂಗದೋಷದ ಭಯ ಇರುವುದು ಜಾಸ್ತಿ ಶುಗರ್‌ನಿಂದ ಅಂತಲೂ ಓದಿದ್ದೇನೆ. ಆದರೆ ಮನಸ್ಸು ಕೇಳಬೇಕಲ್ವಾ?

ಇನ್ಸುಲಿನ್ ಮೇಲಿದ್ದೇ ಹೆತ್ತವರು ಯಾರಾದರೂ ಇದ್ದೀರಾ? ಮಲಗುವಾಗ ಶುಗರ್ ಎಷ್ಟು ಇಟ್ಟುಕೊಳ್ಳುತ್ತಿದ್ದಿರಿ? ಮೈಗೆ ಅಂಟಿಸಿಕೊಂಡು ಶುಗರ್ ನೋಡುವ ಸೆನ್ಸರ್‌ನ ಅಲಾರಂ ಎಷ್ಟಕ್ಕೆ ಇಟ್ಟಿದ್ದಿರಿ? ಮುಂದಿನ ಸ್ಕ್ಯಾನ್‌ನಲ್ಲಿ ಡಾಕ್ಟರನ್ನು ಏನು ಕೇಳಲಿ? "ಸುಮ್ನೆ ಟೆನ್ಶನ್ ಮಾಡ್ಕೋಬೇಡ" ಅನ್ನುವ ಉತ್ತರ ಮಾತ್ರ ಬೇಡ, ಅದು ಮನೆಯಲ್ಲೇ ಧಾರಾಳವಾಗಿ ಸಿಗುತ್ತಿದೆ.