ಕಾರ್ಬನ್ ನ್ಯಾನೊಟ್ಯೂಬ್ ಉದ್ಯಮ ನಿಜಕ್ಕೂ ಬೆಳೆಯುತ್ತಿದೆಯೇ, ಇಲ್ಲವೇ ಇನ್ನೂ ಭರವಸೆಯ ಹಂತದಲ್ಲೇ ಇದೆಯೇ?

ಪ್ರಶ್ನೆ: ಇಂಗಾಲಾಸಕ್ತ

ಎಲ್ಲರಿಗೂ ನಮಸ್ಕಾರ. ರಸಾಯನಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗದ ಕೊನೆಯ ವರ್ಷದಲ್ಲಿದ್ದೇನೆ. ಮುಂದಿನ ಸಂಶೋಧನೆಗೆ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸೂಕ್ಷ್ಮ ಕೊಳವೆ) ಕ್ಷೇತ್ರವನ್ನೇ ಆರಿಸಿಕೊಳ್ಳಬೇಕೆಂಬ ಆಸೆಯಿದೆಯಾದರೂ, ಓದುತ್ತಾ ಹೋದಂತೆ ಗೊಂದಲ ಹೆಚ್ಚಾಗುತ್ತಿದೆ. 1991ರಲ್ಲಿ ಸುಮಿಯೊ ಇಜಿಮಾ ಅವರ ಲೇಖನ ಪ್ರಕಟವಾದಂದಿನಿಂದ ಈ ವಸ್ತುವನ್ನು ಉಕ್ಕಿಗಿಂತ ಗಟ್ಟಿ, ತಾಮ್ರಕ್ಕಿಂತ ಉತ್ತಮ ವಾಹಕ, ಸಿಲಿಕಾನಿನ ಉತ್ತರಾಧಿಕಾರಿ ಎಂದೆಲ್ಲ ಹೊಗಳಲಾಗಿದೆ. ಆದರೆ 2010ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ವರ್ಷಕ್ಕೆ 200 ಟನ್ ಸಾಮರ್ಥ್ಯದ ಘಟಕ ತೆರೆದ ಬಾಯರ್ ಸಂಸ್ಥೆ 2013ರಲ್ಲಿ ಈ ವ್ಯವಹಾರವನ್ನೇ ಕೈಬಿಟ್ಟಿತು. ಈಗ ಮತ್ತೆ ಎಲ್ಲೆಡೆ ಘಟಕಗಳ ವಿಸ್ತರಣೆಯ ಸುದ್ದಿಯೇ ಕಾಣುತ್ತಿದೆ. ಈ ಬೆಳವಣಿಗೆ ಯಾವ ಬಳಕೆಯಿಂದ ಬಂದದ್ದು? ಹದಿನೈದು ವರ್ಷಗಳ ನಂತರವೂ ಉಳಿಯುವ ಕೆಲಸ ಇದರ ಯಾವ ಭಾಗದಲ್ಲಿದೆ? ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ಲೇಪನಕಾರ

ಬ್ಯಾಟರಿಯ ಎಲೆಕ್ಟ್ರೋಡ್ ಲೇಪನದ ಕೆಲಸದಲ್ಲಿ ಹಲವು ವರ್ಷ ಕಳೆದಿರುವ ನಾನು ಕಂಡದ್ದನ್ನು ಹೇಳುತ್ತೇನೆ. ಬೆಳವಣಿಗೆ ನಿಜ, ಮತ್ತು ಅದರ ದೊಡ್ಡ ಪಾಲು ಲಿಥಿಯಂ ಅಯಾನ್ ಬ್ಯಾಟರಿಯಿಂದ ಬಂದದ್ದು. ಉಕ್ಕಿಗಿಂತ ಗಟ್ಟಿ ಎಂಬ ಗುಣಕ್ಕಾಗಿ ಈ ಕೊಳವೆಗಳನ್ನು ಟನ್ನುಗಟ್ಟಲೆ ಕೊಳ್ಳುವವರನ್ನು ನಾನು ನೋಡಿಲ್ಲ.

ಕಾರಣ ಸರಳವಾಗಿದೆ. ಬ್ಯಾಟರಿಯ ಧನ ತುದಿಯಾದ ಕ್ಯಾಥೋಡಿನಲ್ಲಿ ಲಿಥಿಯಮ್ಮನ್ನು ಹಿಡಿದಿಡುವ ಸಕ್ರಿಯ ವಸ್ತು ತಾನಾಗಿ ವಿದ್ಯುತ್ತನ್ನು ಸರಿಯಾಗಿ ಹರಿಸುವುದಿಲ್ಲವಾದ್ದರಿಂದ ಅದರ ಕಣಗಳ ನಡುವೆ ವಾಹಕವಾದ ಇಂಗಾಲವನ್ನು ಸೇರಿಸಲೇಬೇಕು. ಕಾರ್ಬನ್ ಬ್ಲ್ಯಾಕ್ (ಮಸಿಯಂತಹ ಇಂಗಾಲದ ಪುಡಿ) ದುಂಡನೆಯ ಕಣಗಳ ರೂಪದಲ್ಲಿರುವುದರಿಂದ ಒಂದಕ್ಕೊಂದು ತಾಗಿ ದಾರಿಯಾಗಲು ಹೆಚ್ಚು ಪ್ರಮಾಣದಲ್ಲಿ ಬೇಕಾಗುತ್ತದೆ. ನ್ಯಾನೊಟ್ಯೂಬ್ ಉದ್ದನೆಯ ಎಳೆಯಾದ್ದರಿಂದ ಒಂದೇ ಎಳೆ ಹಲವು ಕಣಗಳನ್ನು ಜೋಡಿಸುತ್ತದೆ, ಹಾಗಾಗಿ ಅದಕ್ಕಿಂತ ಬಹಳ ಕಡಿಮೆ ಸಾಕು. ಉಳಿದ ಜಾಗಕ್ಕೆ ಸಕ್ರಿಯ ವಸ್ತುವನ್ನೇ ತುಂಬಬಹುದು. ವಿದ್ಯುತ್ ವಾಹನಗಳ ಬೇಡಿಕೆ ಏರಿದಾಗ ಈ ಲೆಕ್ಕವೇ ಕಾರ್ಖಾನೆಗಳನ್ನು ಕಟ್ಟಿಸಿತು. ದಕ್ಷಿಣ ಕೊರಿಯಾದ ಯೊಸುವಿನಲ್ಲಿ 2017ರಲ್ಲಿ 500 ಟನ್ನಿನ ಘಟಕದೊಂದಿಗೆ ಆರಂಭಿಸಿದ ಎಲ್‌ಜಿ ಕೆಮ್, 2021ರ ವಿಸ್ತರಣೆಯೊಂದಿಗೆ ವಾರ್ಷಿಕ ಸಾಮರ್ಥ್ಯವನ್ನು 1,700 ಟನ್ನಿಗೆ ಮುಟ್ಟಿಸಿತು. ಚೀನಾದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಬೆಳೆದ ತಂತ್ರವನ್ನು ಆಧರಿಸಿದ ಸಿನ್ಯಾನೊ ಸಂಸ್ಥೆ ಕೊಳವೆಗಳನ್ನು ದ್ರಾವಕದಲ್ಲಿ ಹರಡಿದ ಬ್ಯಾಟರಿ ಪೇಸ್ಟನ್ನೇ ಮುಖ್ಯ ವ್ಯಾಪಾರವಾಗಿಸಿಕೊಂಡು 2019ರಲ್ಲಿ ಷೇರುಪೇಟೆಗೆ ಬಂತು. ಬಿಸಿ ರಿಯಾಕ್ಟರಿನೊಳಗೆ ಅನಿಲದ ಹರಿವಿನಿಂದ ತೇಲುತ್ತಿರುವ ಕ್ರಿಯಾವರ್ಧಕದ ಕಣಗಳ ಮೇಲೆ ಹೈಡ್ರೋಕಾರ್ಬನ್ ಅನಿಲವನ್ನು ಹರಿಸಿ ಕೊಳವೆಗಳನ್ನು ಬೆಳೆಸುವ ಈ ವಿಧಾನವೇ ಬೆಲೆಯನ್ನು ಇಳಿಸಿದ್ದು. ಒಂದು ಕಾಲಕ್ಕೆ ಒಂಟಿಗೋಡೆಯ (ಇಂಗಾಲದ ಒಂದೇ ಪದರವಿರುವ) ನ್ಯಾನೊಟ್ಯೂಬ್ ತೂಕಕ್ಕೆ ತೂಕ ಚಿನ್ನಕ್ಕಿಂತ ದುಬಾರಿಯಾಗಿತ್ತು ಎಂಬುದನ್ನು ನೆನೆದರೆ ಎಷ್ಟು ದೂರ ಬಂದಿದ್ದೇವೆ ಎಂಬುದು ತಿಳಿಯುತ್ತದೆ.

ಆದರೆ ಪುಡಿಯನ್ನು ಕೊಂಡು ತಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೊಳವೆಗಳು ಹುಟ್ಟುವಾಗಲೇ ಒಂದಕ್ಕೊಂದು ಸಿಕ್ಕುಹಾಕಿಕೊಂಡು ಉಂಡೆಗಟ್ಟಿರುತ್ತವೆ. ದ್ರಾವಕಕ್ಕೆ ನೂರಕ್ಕೆ ಐದರಷ್ಟು ಸೇರಿಸಿದರೂ ಸಾಕು, ತೆಳ್ಳಗಿದ್ದದ್ದು ಡಾಂಬರಿನಂತೆ ಗಟ್ಟಿಯಾಗಿ ಕಲಕುವ ಕಡ್ಡಿ ನಿಂತಲ್ಲೇ ನಿಲ್ಲುತ್ತದೆ. ಸಿಕ್ಕು ಬಿಡಿಸಲು ಮಣಿಗಳಿರುವ ಮಿಲ್ಲಿನಲ್ಲಿ ಹೆಚ್ಚು ಹೊತ್ತು ಅರೆದರೆ ಎಳೆಗಳು ತುಂಡಾಗಿ ಅವುಗಳ ಉದ್ದದ ಲಾಭವೇ ಹೋಗುತ್ತದೆ. ಕಡಿಮೆ ಅರೆದರೆ ಲೇಪನದ ಮೇಲೆ ಸಣ್ಣ ಸಣ್ಣ ಗಂಟುಗಳು ಉಳಿಯುತ್ತವೆ. ಒಮ್ಮೆ ಹೊಸ ತಂಡದಿಂದ ಬಂದ ಪೇಸ್ಟ್ ಮೊದಲ ದಿನ ಅಚ್ಚುಕಟ್ಟಾಗಿತ್ತು, ಮೂರು ವಾರ ಡ್ರಮ್ಮಿನಲ್ಲಿ ನಿಂತ ಮೇಲೆ ಮೊಸರೊಡೆದಂತಾಗಿ ಇಡೀ ಸರಕನ್ನು ಬದಿಗಿಡಬೇಕಾಯಿತು. ಇದರ ಮೇಲೆ ಕ್ರಿಯಾವರ್ಧಕದಿಂದ ಉಳಿದ ಕಬ್ಬಿಣದ ಸಮಸ್ಯೆ ಬೇರೆ. ಅದು ಕ್ಯಾಥೋಡಿನಲ್ಲಿ ಕರಗಿ ಋಣ ತುದಿಯಾದ ಆನೋಡಿನ ಮೇಲೆ ಕೂತರೆ ಬ್ಯಾಟರಿಯೊಳಗೆ ಶಾರ್ಟ್ ಆಗುವ ಅಪಾಯವಿದೆ. ನನ್ನ ಅಭಿಪ್ರಾಯದಲ್ಲಿ ಈ ಉದ್ಯಮದ ಮುಂದಿನ ಹಣಾಹಣಿ ಕೊಳವೆಯನ್ನು ಬೆಳೆಸುವುದರಲ್ಲಿಲ್ಲ, ಅದನ್ನು ಬಿಡಿಸಿ ಶುದ್ಧವಾಗಿ ಹರಡುವುದರಲ್ಲಿದೆ.

ಉತ್ತರ: ಅರೆವಾಹಕ_ವಾಚಕ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಸಿಲಿಕಾನಿನ ಬದಲು ನ್ಯಾನೊಟ್ಯೂಬಿನಿಂದ ಕಂಪ್ಯೂಟರ್ ಚಿಪ್ಪು ಮಾಡುವ ಕನಸನ್ನು ಅಷ್ಟು ಬೇಗ ಬದಿಗಿಡಬಾರದು. 2013ರಲ್ಲಿ ಸ್ಟ್ಯಾನ್‌ಫರ್ಡ್ ತಂಡ 178 ಟ್ರಾನ್ಸಿಸ್ಟರುಗಳ ನ್ಯಾನೊಟ್ಯೂಬ್ ಕಂಪ್ಯೂಟರನ್ನು ನಿರ್ಮಿಸಿತ್ತು. 2019ರಲ್ಲಿ ಎಂಐಟಿಯ ಮ್ಯಾಕ್ಸ್ ಶುಲಾಕರ್ ತಂಡ 14,000ಕ್ಕೂ ಹೆಚ್ಚು ಟ್ರಾನ್ಸಿಸ್ಟರುಗಳ 16 ಬಿಟ್ ಪ್ರೊಸೆಸರನ್ನು ತೋರಿಸಿತು. ಆರು ವರ್ಷಗಳಲ್ಲಿ ಇದು ಸಣ್ಣ ಜಿಗಿತವಲ್ಲ. ಆದರೂ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳ ಚಿಪ್ಪುಗಳಿಗೆ ಹೋಲಿಸಿದರೆ ದಾರಿ ದೀರ್ಘವಾಗಿದೆ. ಒಂಟಿಗೋಡೆಯ ಕೊಳವೆಗಳನ್ನು ಬೆಳೆಸಿದಾಗ ಸುಮಾರು ಮೂರನೇ ಒಂದು ಭಾಗ ಲೋಹದಂತೆ ವರ್ತಿಸುತ್ತದೆ, ಉಳಿದದ್ದು ಅರೆವಾಹಕವಾಗಿರುತ್ತದೆ. ಲೋಹರೂಪಿಯಾದದ್ದು ಒಂದು ಉಳಿದರೂ ಆ ಟ್ರಾನ್ಸಿಸ್ಟರನ್ನು ಸರಿಯಾಗಿ ಆಫ್ ಮಾಡಲಾಗದು. 2020ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ತಂಡವೊಂದು ಅರೆವಾಹಕ ಶುದ್ಧತೆಯನ್ನು ಶೇಕಡಾ 99.9999ರ ಆಚೆಗೆ ಒಯ್ದು ಕೊಳವೆಗಳನ್ನು ಸಾಲಾಗಿ ಜೋಡಿಸಿದ್ದನ್ನು ಪ್ರಕಟಿಸಿದಾಗ ನನಗೆ ನಿಜವಾಗಿ ಸಂತೋಷವಾಯಿತು, ಏಕೆಂದರೆ ಅಲ್ಲಿಯವರೆಗೆ ಎಲ್ಲರೂ ಎಡವುತ್ತಿದ್ದದ್ದು ಅಲ್ಲೇ.

ಚಿಪ್ಪಿಗಿಂತ ಮೊದಲು ಚಿಪ್ಪು ಮಾಡುವ ಯಂತ್ರದೊಳಗೆ ನ್ಯಾನೊಟ್ಯೂಬ್ ಸೇರುವ ಸಾಧ್ಯತೆ ಹೆಚ್ಚು. 13.5 ನ್ಯಾನೊಮೀಟರ್ ತರಂಗಾಂತರದ ಇಯುವಿ (ಅತಿ ನೇರಳಾತೀತ) ಬೆಳಕಿನಿಂದ ಚಿಪ್ಪಿನ ವಿನ್ಯಾಸವನ್ನು ಮುದ್ರಿಸುವಾಗ ಅಚ್ಚಿನಂತಿರುವ ಮಾಸ್ಕಿನ ಮೇಲೆ ಧೂಳು ಕೂರದಂತೆ ಪೆಲಿಕಲ್ ಎಂಬ ತೆಳು ಪೊರೆಯನ್ನು ಹಿಡಿಯುತ್ತಾರೆ. ಬೆಳಕನ್ನು ತಡೆಯದೆ, ಅದರ ಶಾಖಕ್ಕೆ ಹರಿಯದೆ ಉಳಿಯಬೇಕಾದ ಈ ಪೊರೆಗೆ ನ್ಯಾನೊಟ್ಯೂಬ್ ಜಾಲ ಚೆನ್ನಾಗಿ ಹೊಂದುತ್ತದೆ. ಬೆಲ್ಜಿಯಮ್ಮಿನ ಚಿಪ್ಪು ಸಂಶೋಧನಾ ಸಂಸ್ಥೆ ಐಮೆಕ್‌ನೊಂದಿಗೆ ಜಪಾನಿನ ಮಿತ್ಸುಯಿ ಕೆಮಿಕಲ್ಸ್ 2023ರಲ್ಲಿ ಒಪ್ಪಂದ ಮಾಡಿಕೊಂಡದ್ದು ಇದಕ್ಕಾಗಿಯೇ. ಟನ್ನಿನ ಲೆಕ್ಕದಲ್ಲಿ ಇದು ಏನೂ ಅಲ್ಲ, ಆದರೆ ಗ್ರಾಮಿನ ಮೌಲ್ಯದಲ್ಲಿ ಇದಕ್ಕೆ ಸರಿಸಾಟಿಯಾದ ಬಳಕೆ ಕಡಿಮೆ.

ಇಂಗಾಲಾಸಕ್ತ

ಇಬ್ಬರಿಗೂ ಕೃತಜ್ಞತೆಗಳು. ಬ್ಯಾಟರಿಗೆ ಬಹುಗೋಡೆಯ (ಒಂದರೊಳಗೊಂದು ಹಲವು ಪದರಗಳಿರುವ) ಕೊಳವೆಗಳೇ ಸಾಕಾದರೆ ಒಂಟಿಗೋಡೆಯವುಗಳಿಗೆ ಅಲ್ಲಿ ಸ್ಥಾನವಿಲ್ಲವೇ?

ಲೇಪನಕಾರ

ಇದೆ, ಸಿಲಿಕಾನ್ ಆನೋಡಿನಲ್ಲಿ. ಲಿಥಿಯಮ್ಮನ್ನು ಹೀರಿಕೊಂಡಾಗ ಸಿಲಿಕಾನ್ ಸುಮಾರು ಮೂರು ಪಟ್ಟು ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಕೆಲವು ಸಲ ಹೀಗಾದರೆ ಕಣಗಳು ಬಿರಿದು ಒಂದರಿಂದೊಂದು ಕಳಚಿಕೊಳ್ಳುತ್ತವೆ. ತೆಳುವಾಗಿ ಬಾಗಬಲ್ಲ ಒಂಟಿಗೋಡೆಯ ಎಳೆಗಳು ಬಿರಿದ ಮೇಲೂ ಕಣಗಳನ್ನು ಹಿಡಿದಿಡುತ್ತವೆ, ಮತ್ತು ಶೇಕಡಾ ಒಂದರ ಹತ್ತನೇ ಭಾಗದ ಆಸುಪಾಸಿನಷ್ಟು ಹಾಕಿದರೂ ಪರಿಣಾಮ ಕಾಣುತ್ತದೆ. ಸಿಲಿಕಾನಿನ ಪಾಲು ಹೆಚ್ಚಿದಷ್ಟೂ ಇವುಗಳ ಬೇಡಿಕೆ ಹೆಚ್ಚುತ್ತದೆ ಎಂಬುದು ನನ್ನ ನಂಬಿಕೆ.

ಉತ್ತರ: ಕಾರ್ಖಾನೆ_ಸುರಕ್ಷತೆ

ಬೆಳವಣಿಗೆಯ ಚರ್ಚೆಯಲ್ಲಿ ಸಾಮಾನ್ಯವಾಗಿ ಕೊನೆಗೆ ಬರುವ ವಿಷಯವನ್ನು ನಾನು ಒತ್ತಿ ಹೇಳಬೇಕಾಗಿದೆ. ಉದ್ದವಾದ, ಬಿರುಸಾದ ಬಹುಗೋಡೆಯ ಕೊಳವೆಗಳು ಇಲಿಗಳ ದೇಹದಲ್ಲಿ ಕಲ್ನಾರಿನಂತಹ ಉರಿಯೂತವನ್ನು ಉಂಟುಮಾಡುತ್ತವೆ ಎಂಬುದನ್ನು 2008ರ ಅಧ್ಯಯನ ತೋರಿಸಿತು. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಎಂಡಬ್ಲ್ಯುಸಿಎನ್‌ಟಿ-7 ಎಂಬ ಒಂದು ಬಗೆಯನ್ನು ಮಾತ್ರ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳದ್ದೆಂದು ವರ್ಗೀಕರಿಸಿ, ಉಳಿದವುಗಳ ಬಗ್ಗೆ ಸಾಕ್ಷ್ಯ ಸಾಲದೆಂದಿತು. ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯವನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 2013ರಲ್ಲಿ ಕೆಲಸದ ಜಾಗದ ಗಾಳಿಗೆ ಶಿಫಾರಸು ಮಾಡಿದ ಮಿತಿ ಎಂಟು ಗಂಟೆಗಳ ಸರಾಸರಿಯಲ್ಲಿ ಘನಮೀಟರಿಗೆ 1 ಮೈಕ್ರೊಗ್ರಾಂ. ಒಣ ಪುಡಿಯ ಚೀಲವನ್ನು ಬಿಚ್ಚಿದಾಗ ಮಸಿ ಮೇಲೇಳುವುದನ್ನು ಕಣ್ಣಾರೆ ಕಂಡವರಿಗೆ ಇದು ಎಷ್ಟು ಕಟ್ಟುನಿಟ್ಟೆಂಬುದು ಗೊತ್ತು. ಪುಡಿಯ ಬದಲು ಪೇಸ್ಟಾಗಿ ಮಾರುವುದು ವ್ಯಾಪಾರಕ್ಕೂ ಕಾರ್ಮಿಕರ ಶ್ವಾಸಕೋಶಕ್ಕೂ ಒಳ್ಳೆಯದಾಗಿರುವುದು ಇದರಿಂದಲೇ. ಆದರೆ ಹಳೆಯ ಬ್ಯಾಟರಿಗಳನ್ನು ಪುಡಿಗಟ್ಟಿ ಮರುಬಳಕೆ ಮಾಡುವ ಜಾಗದಲ್ಲಿ ಎಳೆಗಳು ಮತ್ತೆ ಗಾಳಿಗೆ ಬರುತ್ತವೆಯೇ ಎಂಬುದನ್ನು ಅಳೆಯುವವರು ಬೇಕು. ನೀವು ರಸಾಯನಶಾಸ್ತ್ರದವರು, ಇದನ್ನೂ ನಿಮ್ಮ ಆಯ್ಕೆಗಳಲ್ಲಿ ಒಂದಾಗಿ ಪರಿಗಣಿಸಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಇಂಗಾಲಾಸಕ್ತ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಹೊಸ ಬಗೆಯ ಕೊಳವೆಯನ್ನು ಬೆಳೆಸುವ ವಿಷಯವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದ ನಾನು, ಈಗ ನೀರಿನಲ್ಲಿ ಒಂಟಿಗೋಡೆಯ ಕೊಳವೆಗಳನ್ನು ತುಂಡರಿಸದೆ ಬಿಡಿಸಿ, ವಾರಗಟ್ಟಲೆ ಕೆಡದಂತೆ ಇಡುವ ವಿಷಯದತ್ತ ವಾಲುತ್ತಿದ್ದೇನೆ. ನಮ್ಮ ಪ್ರಯೋಗಾಲಯದಲ್ಲಿ ಸ್ನಿಗ್ಧತೆಯನ್ನು ಅಳೆಯುವ ಉಪಕರಣವಿದೆ, ಮಣಿಗಳ ಮಿಲ್ ಇಲ್ಲ. ಅಲ್ಟ್ರಾಸೌಂಡ್ ಯಂತ್ರ ಮಾತ್ರದಿಂದ ಆರಂಭಿಸಬಹುದೇ ಎಂಬುದನ್ನು ಲೇಪನಕಾರರು ತಿಳಿಸಿದರೆ ಉಪಕಾರವಾಗುತ್ತದೆ.

ಲೇಪನಕಾರ

ಆರಂಭಿಸಬಹುದು. ಆದರೆ ಪ್ರತಿ ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಒಂದು ಮಾದರಿ ತೆಗೆದಿಡಿ ಮತ್ತು ಪಾತ್ರೆಯನ್ನು ಮಂಜುಗಡ್ಡೆಯಲ್ಲಿಡಿ. ಆ ಯಂತ್ರವೂ ಎಳೆಗಳನ್ನು ಕತ್ತರಿಸುತ್ತದೆ. ಯಾವ ನಿಮಿಷದಲ್ಲಿ ಬಿಡಿಸುವುದು ನಿಂತು ಕತ್ತರಿಸುವುದು ಹೆಚ್ಚಾಯಿತು ಎಂಬುದನ್ನು ಆ ಸಾಲು ಮಾದರಿಗಳೇ ನಿಮಗೆ ತೋರಿಸುತ್ತವೆ.