ಇಂಟರ್‌ಫೇಸ್‌ನಿಂದ ಸುಯ್ ಸದ್ದು: ಸೌಂಡ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಎಂಜಿನಿಯರ್: ನಮಸ್ಕಾರ. ಮನೆಯಲ್ಲಿ ರೆಕಾರ್ಡ್ ಮಾಡುವಾಗ ಹಿಂದೆ ಕೇಳುವ ಸದ್ದಿನ ಬಗ್ಗೆ ಇವತ್ತು ಕೇಳಿ. ಮೈಕ್ ಎಂಥದ್ದು, ಇಂಟರ್‌ಫೇಸ್‌ನಲ್ಲಿ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಎಷ್ಟಿದೆ, ಸದ್ದು ರೆಕಾರ್ಡಿಂಗ್‌ನಲ್ಲೂ ಇದೆಯಾ, ಇಷ್ಟನ್ನು ಬರೆಯಿರಿ. ಸುಯ್, ಗುಂಯ್, ಕೀಂಯ್ ಮೂರಕ್ಕೂ ಕಾರಣ ಬೇರೆ. ಎಲ್ಲಕ್ಕೂ "ನಾಯ್ಸ್" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ.

ಪಾಡ್‌ಕಾಸ್ಟ್ ಶುರು: ಸರ್, ಹೊಸ ಡೈನಾಮಿಕ್ ಮೈಕ್. ಗೇನ್ ಪೂರ್ತಿ ತಿರುಗಿಸಿದರೂ ನನ್ನ ಧ್ವನಿ ಸಣ್ಣ, ಸುಯ್ ಮಾತ್ರ ಜಾಸ್ತಿ. ಮೈಕ್ ಕೆಟ್ಟಿದೆಯಾ?

ಎಂಜಿನಿಯರ್: ಕೆಟ್ಟಿರಲಾರದು. ಡೈನಾಮಿಕ್ ಮೈಕಿನ ಸಿಗ್ನಲ್ಲೇ ಸಣ್ಣದು. ಶೂರ್ ಎಸ್‌ಎಂ7ಬಿಯಂಥ ಮೈಕಿಗೆ ಸುಮಾರು 60 ಡೆಸಿಬಲ್ ಗೇನ್ ಬೇಕು. ಸಣ್ಣ ಇಂಟರ್‌ಫೇಸ್‌ಗಳಲ್ಲಿ ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸುಸ್ತಾಗಿರುತ್ತದೆ. ಮೊದಲು ಮೈಕನ್ನು ಹತ್ತಿರ ತನ್ನಿ. ಒಂದು ಗೇಣು ದೂರ ಇದ್ದದ್ದನ್ನು ಅರ್ಧ ಗೇಣಿಗೆ ತಂದರೆ 6 ಡೆಸಿಬಲ್‌ನಷ್ಟು ಧ್ವನಿ ಸುಮ್ನೆ ಸಿಗುತ್ತದೆ. ಸಾಲದಿದ್ದರೆ ಮೈಕ್ ಮತ್ತು ಇಂಟರ್‌ಫೇಸ್ ನಡುವೆ ಹಾಕುವ ಬೂಸ್ಟರ್ ತೆಗೆದುಕೊಳ್ಳಿ.

ಹಾಡುಗಾರ್ತಿ: ಸರ್, ನನ್ನದು ಕಂಡೆನ್ಸರ್ ಮೈಕ್. ಶುರುವಿನಲ್ಲಿ ಏನೂ ಇರುವುದಿಲ್ಲ. ಹತ್ತು ನಿಮಿಷ ಹಾಡಿದ ಮೇಲೆ ಸುಯ್ ಏರುತ್ತದೆ, ನಡುವೆ ಚಟಪಟ ಅನ್ನುತ್ತದೆ. ಮಳೆ ಹಿಡಿದ ದಿನ ಜಾಸ್ತಿ. ಕೇಬಲ್ ಬದಲಿಸಿದೆ, ಯುಎಸ್‌ಬಿ ಪೋರ್ಟ್ ಬದಲಿಸಿದೆ. ಬಫರ್ ಕೂಡ ಹೆಚ್ಚಿಸಿ ನೋಡಿದೆ.

ಎಂಜಿನಿಯರ್: ಮೇಡಂ, ಅದೇ ಕೇಬಲ್‌ಗೆ, ಅದೇ ಇನ್‌ಪುಟ್‌ಗೆ ಒಂದು ಡೈನಾಮಿಕ್ ಮೈಕ್ ಹಾಕಿ ಹತ್ತು ನಿಮಿಷ ಹಾಡಿ. ಏನಾಯಿತು ಹೇಳಿ. ಬಫರ್ ಮುಟ್ಟಬೇಡಿ. ಕಂಪ್ಯೂಟರ್ ಒಮ್ಮೆಗೆ ಎಷ್ಟು ಆಡಿಯೋ ಎತ್ತಿಕೊಳ್ಳಬೇಕು ಅನ್ನುವ ಸೆಟ್ಟಿಂಗ್ ಅದು, ಅದಕ್ಕೂ ಸುಯ್‌ಗೂ ಸಂಬಂಧ ಇಲ್ಲ.

ಹಾಡುಗಾರ್ತಿ: ಹಾಕಿದೆ ಸರ್. ಡೈನಾಮಿಕ್‌ನಲ್ಲಿ ಚಟಪಟ ಇಲ್ಲವೇ ಇಲ್ಲ.

ಎಂಜಿನಿಯರ್: ಹಾಗಾದರೆ ನಿಮ್ಮ ಇಂಟರ್‌ಫೇಸ್ ಮೇಲೆ ನನಗೆ ಅನುಮಾನ ಇಲ್ಲ. ಮೈಕಿನೊಳಗೆ ತೇವ ಸೇರಿದೆ ಅನಿಸುತ್ತದೆ. ಕಂಡೆನ್ಸರ್ ಮೈಕಿನ ಕ್ಯಾಪ್ಸೂಲಿನಲ್ಲಿ, ಅಂದರೆ ಧ್ವನಿ ಹಿಡಿಯುವ ಭಾಗದಲ್ಲಿ, ಇರುವುದು ಕೂದಲಿಗಿಂತ ಎಷ್ಟೋ ತೆಳುವಾದ ಪೊರೆ. ಅದರ ಮೇಲಿನ ಒಂದಿಷ್ಟು ಚಾರ್ಜ್ ಅಲುಗಾಡುವುದೇ ಸಿಗ್ನಲ್. ಆ ಚಾರ್ಜ್ ಸೋರಬಾರದು ಅಂತ ಅಲ್ಲಿ ನೂರು ಕೋಟಿ ಓಮ್‌ನಷ್ಟು ದೊಡ್ಡ ರೆಸಿಸ್ಟರ್ ಹಾಕಿರುತ್ತಾರೆ. ಈಗ ಯೋಚಿಸಿ: ಹಾಡುವಾಗ ಬಿಸಿ ಉಸಿರು ತಣ್ಣಗಿರುವ ಲೋಹಕ್ಕೆ ಬಡಿಯುತ್ತದೆ. ಗಾಜಿನ ಮೇಲೆ ಉಸಿರು ಬಿಟ್ಟರೆ ಮಂಜು ಕೂರುವ ಹಾಗೆ ಕೂರುತ್ತದೆ. ಹಳೆಯ ಧೂಳು, ಎಂಜಲ ಹನಿ ಅದರ ಜೊತೆ ಸೇರಿದರೆ ಚಾರ್ಜ್ ಸೋರಲು ದಾರಿ ಸಿಗುತ್ತದೆ. ಬಿಟ್ಟು ಬಿಟ್ಟು ಸೋರುತ್ತದೆ, ಅದೇ ನಿಮ್ಮ ಚಟಪಟ. ಹತ್ತು ನಿಮಿಷ ಆದ ಮೇಲೆ ಶುರುವಾಗುತ್ತದೆ ಅಂದಿರಲ್ಲ, ನನಗೆ ಸುಳಿವು ಸಿಕ್ಕಿದ್ದೇ ಅಲ್ಲಿ.

ಫ್ಯಾಂಟಮ್ ಪವರ್, ಅಂದರೆ ಇಂಟರ್‌ಫೇಸ್ ಮೈಕಿಗೆ ಕೊಡುವ ಕರೆಂಟ್, ಆಫ್ ಮಾಡಿ ಮೈಕನ್ನು ಕೇಬಲ್‌ನಿಂದ ಬಿಚ್ಚಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ಹಗಲು, ಒಂದು ರಾತ್ರಿ ಇಡಿ. ಜಾಲರಿ ಬಿಚ್ಚಬೇಡಿ. ಹೇರ್ ಡ್ರೈಯರ್ ಹಿಡಿಯಬೇಡಿ, ಸ್ಪಿರಿಟ್ ಹಾಕಿ ಒರೆಸಬೇಡಿ. ಒಮ್ಮೆ ಪೊರೆ ಹಾಳಾದರೆ ನಾನೂ ಏನೂ ಮಾಡಲಾರೆ. ಮುಂದೆ ಹಾಡುವಾಗ ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್ ಇರಲಿ. ಒಣಗಿದ ಮೇಲೂ ಸದ್ದು ಬಂದರೆ ಮೈಕ್ ರಿಪೇರಿ ಬಲ್ಲವರ ಕೈಗೇ ಕೊಡಿ.

ಪಿಟೀಲು ಪ್ರೇಮಿ: ಸರ್, ಪಿಟೀಲಿಗೆ ಪೀಜೋ ಪಿಕಪ್ (ಕಂಪನ ಹಿಡಿಯುವ ಪುಟ್ಟ ಸೆನ್ಸರ್) ಹಾಕಿದ್ದೇನೆ. ನೇರ ಲೈನ್ ಇನ್‌ಪುಟ್‌ಗೆ ಕೊಟ್ಟರೆ ಸುಯ್ ಬರುತ್ತಿದೆ. ಸಿಗ್ನಲನ್ನು ಇನ್‌ಪುಟ್‌ಗೆ ಹೊಂದಿಸುವ ಡಿಐ ಬಾಕ್ಸ್ ಬೇಕಾ?

ವಾಯ್ಸ್ ಓವರ್: ಸರ್, ನನ್ನದೂ ಡೈನಾಮಿಕ್ ಮೈಕ್. ಗೇನ್ ಫುಲ್ ಇಟ್ಟರೆ ಸುಯ್. ಏನು ಮಾಡಲಿ?

ಎಂಜಿನಿಯರ್: ಮೊದಲ ಉತ್ತರ ಓದಿ.

ಫಾರ್ವರ್ಡ್ ಅಣ್ಣ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ: "ಲ್ಯಾಪ್‌ಟಾಪ್ ಚಾರ್ಜರಿನ ಅರ್ತ್ ಪಿನ್ ಮುರಿಯಿರಿ, ನಾಯ್ಸ್ ಪೂರ್ತಿ ಹೋಗುತ್ತದೆ. ಸ್ಯಾಂಪಲ್ ರೇಟ್ 192ಕ್ಕೆ ಇಡಿ. ಇಂಟರ್‌ಫೇಸ್‌ಗೆ ಫಾಯಿಲ್ ಸುತ್ತಿ."

ಎಂಜಿನಿಯರ್: ದಯವಿಟ್ಟು ಇದನ್ನು ಅಳಿಸಿ. ಅರ್ತ್ ಪಿನ್ ಯಾವ ಕಾರಣಕ್ಕೂ ಮುರಿಯಬೇಡಿ. ಒಳಗೆ ಎಲ್ಲಾದರೂ ಲೀಕ್ ಆದ ಕರೆಂಟ್ ಹೋಗಲು ಇರುವ ದಾರಿ ಅದು. ಅದನ್ನು ಮುಚ್ಚಿದರೆ ಕರೆಂಟ್ ಮೈಕಿನ ಲೋಹದ ಜಾಲರಿಗೆ ಬರಬಹುದು, ನಿಮ್ಮ ತುಟಿ ಅಲ್ಲೇ ಇರುತ್ತದೆ. ಅರ್ತ್‌ಗೆ ಸಂಬಂಧಿಸಿದ್ದು ಗುಂಯ್, ಅಂದರೆ 50 ಅಥವಾ 60 ಹರ್ಟ್ಸ್‌ನ ಸದ್ದು. ಅದಕ್ಕೆ ಎಲ್ಲ ಉಪಕರಣವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಹೊರಗಿನ ಸದ್ದು ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಅದರಲ್ಲೂ ಹೋಗದಿದ್ದರೆ ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯಬೇಕು ಅನ್ನುವುದು, 192 ಕಿಲೋಹರ್ಟ್ಸ್ ಇಟ್ಟರೆ ಫೈಲ್ ದೊಡ್ಡದಾಗುತ್ತದೆ, ಪ್ರೀಆಂಪಿನ ಸುಯ್ ಹಾಗೇ ಇರುತ್ತದೆ.

ಫಾರ್ವರ್ಡ್ ಅಣ್ಣ: ನಮ್ಮ ಸ್ನೇಹಿತರಿಗೆ ಕೆಲಸ ಮಾಡಿದೆ ಸರ್. ಒಳ್ಳೆಯದಕ್ಕೇ ಹಾಕಿದ್ದು.

ಎಂಜಿನಿಯರ್: ಜೀವಕ್ಕೆ ಅಪಾಯ ಅಂತ ಹೇಳಿದ್ದೇನೆ. ಅಳಿಸಿ.

ಮಿಕ್ಸಿಂಗ್ ಮನೆ: ಇಷ್ಟೆಲ್ಲ ಯಾಕೆ? ನಾಯ್ಸ್ ಗೇಟ್ ಹಾಕಿದರೆ ಮುಗಿಯಿತು.

ಗಿಟಾರ್ ಕೈ: ಗೇಟ್ ಮಾತಿನ ನಡುವಿನ ಖಾಲಿಯನ್ನು ಮಾತ್ರ ಮುಚ್ಚುತ್ತದೆ. ಬಾಯಿ ತೆರೆದ ಕೂಡಲೇ ಸುಯ್ ವಾಪಸ್. ಉಸಿರು ಬಿಟ್ಟ ಹಾಗೆ ಕೇಳುತ್ತದೆ, ಅಸಹ್ಯ.

ಮಿಕ್ಸಿಂಗ್ ಮನೆ: ಹಾಕಲು ಗೊತ್ತಿಲ್ಲದವರಿಗೆ ಅಸಹ್ಯ.

ಗಿಟಾರ್ ಕೈ: ನಿಮ್ಮ ಮಿಕ್ಸ್ ಹೋದ ವಾರ ಇಲ್ಲೇ ಕೇಳಿದ್ದೇವೆ. ಪದದ ಕೊನೆಗಳೆಲ್ಲ ತುಂಡಾಗಿದ್ದವು.

ಮಿಕ್ಸಿಂಗ್ ಮನೆ: ನೀವು ಒಂದು ಮಾಡಿ ಹಾಕಿ, ನೋಡೋಣ.

ವಾಯ್ಸ್ ಓವರ್: ಸರ್, ಓದಿದೆ. ಆದರೆ ಸುಯ್ ಹೋಗಲು ಸಾಫ್ಟ್‌ವೇರ್ ಪ್ಲಗಿನ್ ಯಾವುದು?

ಎಂಜಿನಿಯರ್: ಮೈಕ್ ಹತ್ತಿರ ತಂದಿರಾ? ತಂದ ಮೇಲೆ ಕೇಳಿ. ಜೋರು ಧ್ವನಿ, ಸಣ್ಣ ಧ್ವನಿಯ ಅಂತರ ಕಡಿಮೆ ಮಾಡುವ ಕಂಪ್ರೆಸರ್‌ನಲ್ಲಿ 12 ಡೆಸಿಬಲ್ ಏರಿಸಿದರೆ ಸುಯ್ ಕೂಡ ಅಷ್ಟೇ ಏರುತ್ತದೆ, ಅದನ್ನೂ ನೋಡಿಕೊಳ್ಳಿ. ಗೇಟ್ ಜಗಳ ನಿಲ್ಲಿಸಿ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಯಾವ ಪ್ಲಗಿನ್ ಹಾಕಿದರೂ ಧ್ವನಿಯೂ ಸವೆಯುತ್ತದೆ.

ಪಿಟೀಲು ಪ್ರೇಮಿ: ಸರ್, ನನ್ನ ಪ್ರಶ್ನೆ ಮೇಲಿದೆ.

ಫಾರ್ವರ್ಡ್ ಅಣ್ಣ: ಅಳಿಸಿದ್ದೇನೆ. ಇಷ್ಟು ಒರಟಾಗಿ ಹೇಳಬೇಕಿರಲಿಲ್ಲ.

ಹಾಡುಗಾರ್ತಿ (ಎರಡು ದಿನದ ನಂತರ): ಸರ್, ಡಬ್ಬದಲ್ಲಿಟ್ಟು ತೆಗೆದೆ. ಇವತ್ತು ಮುಕ್ಕಾಲು ಗಂಟೆ ಹಾಡಿದೆ, ಚಟಪಟ ಒಂದೂ ಬರಲಿಲ್ಲ. ಸ್ಪೀಕರ್ ಹತ್ತಿರ ಕಿವಿ ಇಟ್ಟರೆ ಮಾತ್ರ ಸಣ್ಣಗೆ ಸುಯ್ ಇದೆ.

ಎಂಜಿನಿಯರ್: ಒಳ್ಳೆಯ ಸುದ್ದಿ ಮೇಡಂ. ಇಂಟರ್‌ಫೇಸ್‌ನಿಂದ ಸ್ಪೀಕರಿಗೆ ಹೋಗುವ ಕೇಬಲ್‌ಗಳನ್ನೂ ಬಿಚ್ಚಿ ಕೇಳಿ. ಆಗಲೂ ಇದೆಯಾ?

ಹಾಡುಗಾರ್ತಿ: ಇದೆ ಸರ್, ಅಷ್ಟೇ ಇದೆ.

ಎಂಜಿನಿಯರ್: ಹಾಗಾದರೆ ಅದು ಸ್ಪೀಕರಿನೊಳಗಿನ ಆಂಪಿನದ್ದು, ರೆಕಾರ್ಡಿಂಗ್‌ಗೆ ಸೇರುವುದಿಲ್ಲ. ಹಾಡಿ. ಮುಗಿದ ಮೇಲೆ ಮೈಕ್ ಮತ್ತೆ ಅದೇ ಡಬ್ಬಕ್ಕೆ ಹೋಗಲಿ.