ಕಾರ್ಡ್‌ಲೆಸ್ ರೋಟರಿ ಹ್ಯಾಮರ್ ತಗೋಬೇಕು, ಏನ್ ನೋಡಿ ತಗೊಳ್ಳೋದು?

ಹೊಸಕೈ:
ಎಲ್ರಿಗೂ ನಮಸ್ಕಾರ. ನನ್ನತ್ರ 18 ವೋಲ್ಟಿಂದು ಬ್ಯಾಟರಿ ಡ್ರಿಲ್ ಇದೆ, ಅದ್ರಲ್ಲೇ ಹ್ಯಾಮರ್ ಮೋಡೂ ಇದೆ. ಇಟ್ಟಿಗೆ ಗೋಡೆ ಆದ್ರೆ ಪರ್ವಾಗಿಲ್ಲ, ಕೊರಿಯುತ್ತೆ. ಕಿಟಕಿ ಮೇಲಿನ ಲಿಂಟಲ್‌ಗೋ ಪಿಲ್ಲರ್‌ಗೋ ಇಟ್ರೆ ಕಿರ್ರೋ ಅಂತ ಕಿರುಚೋದೊಂದೇ, ತೂತು ಮಾತ್ರ ಮುಂದಕ್ಕೆ ಹೋಗಲ್ಲ, ಬಿಟ್ ತುದಿ ಕಾದು ನೀಲಿಗಟ್ಟುತ್ತೆ. ಮುಂದೆ ಶೆಲ್ಫು, ಪೈಪ್ ಕ್ಲಾಂಪು, ಜೊತೆಗೆ ಒಂದಷ್ಟು 10-12 ಎಂಎಂ ಆಂಕರ್ ಬೋಲ್ಟ್ (ಕಾಂಕ್ರೀಟ್ ತೂತಲ್ಲಿ ಬಿಗಿಯಾಗಿ ಕೂರೋ ಬೋಲ್ಟ್) ಹಾಕೋದಿದೆ, ಅದಕ್ಕೆ ರೋಟರಿ ಹ್ಯಾಮರ್ ತಗೊಳ್ಳೋಣ ಅಂತ. ಹುಡುಕಕ್ಕೆ ಕೂತ್ರೆ ಒಂದು 18 ವೋಲ್ಟ್ ಅನ್ನುತ್ತೆ ಇನ್ನೊಂದು 20 ಅನ್ನುತ್ತೆ, ಒಂದ್ರಲ್ಲಿ 1 ಜೂಲ್ ಇನ್ನೊಂದ್ರಲ್ಲಿ 2.5 ಜೂಲ್, ಕೆಲವು ಪಿಸ್ತೂಲ್ ತರ ಕೆಲವು ಎಲ್ ಆಕಾರ, ತಲೆ ಕೆಟ್ಟೋಯ್ತು. ಯಾವ್ದು ಮುಖ್ಯ, ಯಾವ್ದು ಬರೀ ಜಾಹೀರಾತು, ಗೊತ್ತಿರೋರು ಹೇಳಿ.

ಉಳಿಪೆಟ್ಟು:
ವೋಲ್ಟ್ ಗೊಂದಲ ಮೊದ್ಲು ಬಿಡಿ. 18, 20 ಎರಡೂ ಒಂದೇ. ಒಳಗೆ 3.6 ವೋಲ್ಟಿನ 5 ಸೆಲ್ ಸಾಲಾಗಿ ಇರುತ್ತೆ, ಲೆಕ್ಕ ಹಾಕಿದ್ರೆ 18, ಫುಲ್ ಚಾರ್ಜ್ ಆದಾಗ 20 ದಾಟುತ್ತೆ, ಆ ದೊಡ್ಡ ನಂಬರ್‌ನ ಡಬ್ಬಿ ಮೇಲೆ ಹಾಕಿರ್ತಾರೆ ಅಷ್ಟೇ.

ನಿಮ್ಮ ಈಗಿನ ಡ್ರಿಲ್ ಕಾಂಕ್ರೀಟ್ ಮುಂದೆ ಸೋಲೋದಕ್ಕೆ ಕಾರಣ ಮೋಟಾರ್ ಅಲ್ಲ. ಅದ್ರಲ್ಲಿ ಎರಡು ಹಲ್ಲಿನ ಬಿಲ್ಲೆ ಒಂದರ ಮೇಲೊಂದು ಜಾರಿ ಬಡಿತ ಬರುತ್ತೆ. ನಿಮಿಷಕ್ಕೆ 25,000ಕ್ಕೂ ಮೇಲೆ ಬಡಿತ ಇರ್ಬಹುದು ಆದ್ರೆ ಒಂದೊಂದೂ ಸಣ್ಣದು, ಅದೂ ನೀವು ಮೈಭಾರ ಹಾಕಿ ಒತ್ತಿದ್ರೆ ಮಾತ್ರ. ರೋಟರಿ ಹ್ಯಾಮರ್‌ನಲ್ಲಿ ಪಿಸ್ಟನ್ ಹಿಂದೆ ಮುಂದೆ ಓಡಿ ಗಾಳಿ ಒತ್ತುತ್ತೆ, ಆ ಗಾಳಿ ಒಳಗಿರೋ ಗುಂಡನ್ನ ಎಸೆದು ಬಿಟ್ ಹಿಂಬದಿಗೆ ಹೊಡಿಸುತ್ತೆ. ನಿಮಿಷಕ್ಕೆ 4-5 ಸಾವಿರ ಬಡಿತ ಅಷ್ಟೇ, ಆದ್ರೆ ಒಂದೊಂದೂ ಜಲ್ಲೀನ ಒಡಿಯೋ ಪೆಟ್ಟು. ಆ ಪೆಟ್ಟಿನ ಅಳತೆನೇ ಜೂಲ್. ನೀವು ನೋಡ್ಬೇಕಾದ್ದು ಅದು. ಇಪಿಟಿಎ (ಯುರೋಪಿನ ಪವರ್ ಟೂಲ್ ತಯಾರಕರ ಸಂಘ) ಪದ್ಧತಿ ಪ್ರಕಾರ ಅಳೆದಿದ್ದು ಅಂತ ಬರ್ದಿದ್ರೆ ಒಂದು ಬ್ರಾಂಡ್‌ನ ಇನ್ನೊಂದ್ರ ಜೊತೆ ಹೋಲಿಸಬಹುದು, ಇಲ್ಲಾಂದ್ರೆ ಆ ನಂಬರ್‌ನ ಅರ್ಧ ನಂಬಿ 😄

1 ಜೂಲ್ ಇರೋ ಪುಟ್ಟ 12 ವೋಲ್ಟ್ ಮೆಷಿನ್ 6-8 ಎಂಎಂ ತೂತಿಗೆ ಸರಿ. ನಿಮಗೆ 12 ಎಂಎಂ ಬೇಕು ಅಂತಿದೀರಲ್ಲ, 2 ಜೂಲ್ ಆಸುಪಾಸು ಇರೋ 18 ವೋಲ್ಟ್, ಎಸ್‌ಡಿಎಸ್ ಪ್ಲಸ್ ಚಕ್ (ಬಿಟ್ ಬುಡಾನ ಸಿಕ್ಕಿಸಿ ಹಿಡಿಯೋ ಬಾಯಿ) ಇರೋದು ಸಾಕು. ಎಸ್‌ಡಿಎಸ್ ಮ್ಯಾಕ್ಸ್ (ಇನ್ನೂ ದಪ್ಪ ಬುಡದ ಬಿಟ್ಟಿಂದು) ಕಡೆ ನೋಡ್ಲೇಬೇಡಿ, ಅದು ಒಡಿಯೋ ಕೆಲಸದೋರಿಗೆ. ಇನ್ನೊಂದು, ಡಬ್ಬಿ ಮೇಲೆ ಗರಿಷ್ಠ 24 ಎಂಎಂ ಅಂತ ಇದ್ರೆ ದಿನಾ 24 ಕೊರಿಬಹುದು ಅಂತಲ್ಲ, ಅದರ ಅರ್ಧದಷ್ಟಕ್ಕೆ ಮೆಷಿನ್ ಆರಾಮಾಗಿ ಓಡುತ್ತೆ.

ತಂತಿಕೆಲಸ:
ಮೇಲೆ ಹೇಳಿದ್ದು ಸರಿ ಸರ್, ಆದ್ರೆ ನನ್ನ ಪ್ರಕಾರ ಜೂಲ್‌ಗಿಂತ ಮೊದ್ಲು ತೂಕ ನೋಡ್ಬೇಕು. ಸೀಲಿಂಗ್‌ಗೆ ಕೈ ಮೇಲೆತ್ತಿ ಕೊರಿಯೋ ಕೆಲಸ ಜಾಸ್ತಿ ಇದ್ರೆ ಬ್ಯಾಟರಿ ಸೇರಿ 3 ಕೆಜಿ ದಾಟಿದ್ದು ಭುಜ ಕಿತ್ತು ಇಡುತ್ತೆ, ಅಲ್ಲಿ ಪಿಸ್ತೂಲ್ ಆಕಾರದ್ದೇ ಲೇಸು. ಎಲ್ ಆಕಾರದಲ್ಲಿ ಮೋಟಾರ್ ಲಂಬವಾಗಿ ಕೂತಿರೋದ್ರಿಂದ ಸಾಮಾನ್ಯವಾಗಿ ಪೆಟ್ಟು ಜಾಸ್ತಿ ಅದರ ಜೊತೆ ತೂಕಾನೂ ಜಾಸ್ತಿ, ನೆಲಕ್ಕೆ, ಎದೆ ಮಟ್ಟದ ಗೋಡೆಗೆ ಚೆನ್ನಾಗಿರುತ್ತೆ.

ನಿಮ್ಮತ್ರ ಈಗಾಗಲೇ ಬ್ಯಾಟರಿ ಇದೆಯಲ್ಲ, ಅದೇ ಬ್ರಾಂಡ್‌ನ ಬ್ಯಾಟರಿ ಇಲ್ಲದ ಬರೀ ಮೆಷಿನ್ ತಗೊಳ್ಳಿ. ಒಂದೇ ಬ್ರಾಂಡ್ ಆದ್ರೂ 12 ವೋಲ್ಟಿಂದು 18ಕ್ಕೆ ಕೂರಲ್ಲ, ಗಮನ ಇರಲಿ. ಡ್ರಿಲ್ ಜೊತೆ ಬರೋ 2 ಆಂಪಿಯರ್-ಅವರ್ ಬ್ಯಾಟರಿ ಇದಕ್ಕೆ ಸಾಲಲ್ಲ, ಅದ್ರಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಸೆಲ್, ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತೆ. 4 ಅಥವಾ 5ರದ್ದು ಹಾಕಿ. ಮೂರು ಮೋಡ್ ಇರ್ಲಿ: ಬಡಿದು ತಿರುಗೋದು, ಬರೀ ತಿರುಗೋದು, ಬರೀ ಬಡಿಯೋದು.

ಧೂಳ್ಮಗ:
ದಿನವಿಡೀ ಗೋಡೆ ಒಡೆದು ಕಾಡಿ (ಪೈಪು, ವೈರ್ ಕೂರಿಸೋ ಉದ್ದ ಸೀಳು) ತೆಗಿಯೋ ಕೆಲಸ ಇದ್ರೆ ವೈರ್ ಇರೋದೇ ತಗೊಳ್ಳಿ ಗುರು, ಬ್ಯಾಟರಿ ನುಂಗಿ ನೀರು ಕುಡಿಯುತ್ತೆ. ತೂತಿಗೆ ಮಾತ್ರ ಆದ್ರೆ ಕಾರ್ಡ್‌ಲೆಸ್ ಸೈ.

ಹೊಸಕೈ:
ಎಲ್ರಿಗೂ ಥ್ಯಾಂಕ್ಸ್. ಒಬ್ಬ ಗೆಳೆಯನತ್ರ ಇರೋ 2 ಜೂಲಿಂದು ಪಿಸ್ತೂಲ್ ಟೈಪ್ ಹಿಡಿದು ನೋಡ್ದೆ, ಬಿಟ್ ಹಾಕಿದ್ರೆ ಚಕ್‌ನಲ್ಲಿ ಹಿಂದೆ ಮುಂದೆ ಲೊಡಲೊಡ ಅಂತ ಆಡುತ್ತಲ್ಲ, ಅದು ಕೆಟ್ಟಿದೆಯಾ? ಆಮೇಲೆ ಕಾಂಕ್ರೀಟಲ್ಲಿ ಕಂಬಿ ಸಿಕ್ರೆ ಏನ್ ಮಾಡೋದು?

ಉಳಿಪೆಟ್ಟು:
ಕೆಟ್ಟಿಲ್ಲ, ಅದು ಹಾಗೇ ಇರ್ಬೇಕು. ಗುಂಡು ಬಂದು ಹೊಡಿಯೋದು ಬಿಟ್ ಹಿಂಬದಿಗೆ, ಅದು ಜಾರಕ್ಕೆ ಜಾಗ ಇಲ್ಲಾಂದ್ರೆ ಪೆಟ್ಟೆಲ್ಲ ಚಕ್‌ಗೇ ಬೀಳುತ್ತೆ. ಹಾಕೋ ಮುಂಚೆ ಬಿಟ್ ಬುಡಾನ ಒರೆಸಿ ಚೂರು ಗ್ರೀಸ್ ಸವರಿ. ಒತ್ತೋ ಚಟ ಮಾತ್ರ ಬಿಡಿ, ಮೆಷಿನ್ ಕುಣಿಯದೇ ಇರೋಷ್ಟು ಹಿಡಿದ್ರೆ ಸಾಕು, ಜೋರಾಗಿ ಒತ್ತಿದ್ರೆ ಬಡಿತಾನೇ ಕುಗ್ಗುತ್ತೆ.

ಕಂಬಿ ಸಿಕ್ರೆ ನಿಲ್ಲಿಸಿ, ಆಂಕರ್ ಜಾಗ ಸ್ವಲ್ಪ ಸರಿಸಿ. ಬೀಮು, ಪಿಲ್ಲರ್ ಕಂಬಿ ಕತ್ತರಿಸೋ ಸಾಹಸ ಬೇಡ. ಎರಡು ಅಲಗಿನ ಬಿಟ್ ಕಂಬಿಗೆ ಗಬಕ್ಕನೆ ಸಿಕ್ಕಿ ಹಾಕ್ಕೊಂಡ್ರೆ ಇಡೀ ಮೆಷಿನ್ ತಿರುಗಿ ಮಣಿಕಟ್ಟು ತಿರುಚುತ್ತೆ, ಅದಕ್ಕೇ ಕ್ಲಚ್ (ಬಿಟ್ ಸಿಕ್ಕಿದಾಗ ತಿರುಗೋ ಬಲಾನ ಬಿಡಿಸೋ ಭಾಗ) ಇದ್ರೂ ಸೈಡ್ ಹಿಡಿಕೆ ಬಿಚ್ಚಿಡಬೇಡಿ. ನಾಲ್ಕು ಅಲಗಿನ ಬಿಟ್ ಅಷ್ಟು ಸುಲಭಕ್ಕೆ ಸಿಕ್ಕಲ್ಲ, ತೂತೂ ದುಂಡಗೆ ಬರುತ್ತೆ, ಆಂಕರ್ ಹಾಕೋ ಸೈಜಲ್ಲಾದ್ರೂ ಅದನ್ನೇ ತಗೊಳ್ಳಿ.

ತಂತಿಕೆಲಸ:
ಟೊಳ್ಳು ಇಟ್ಟಿಗೆಗೆ, ಟೈಲ್ಸ್‌ಗೆ ಬಡಿತ ಆಫ್ ಮಾಡಿ ಬರೀ ತಿರುಗೋ ಮೋಡಲ್ಲಿ ಕೊರೀರಿ, ಇಲ್ಲಾಂದ್ರೆ ಚಕ್ಕೆ ಏಳುತ್ತೆ. ಟೈಲ್ಸ್‌ಗೆ ಅದರದ್ದೇ ಬೇರೆ ಬಿಟ್, ಅದು ದಾಟಿದ ಮೇಲೆ ಹಿಂದೆ ಕಾಂಕ್ರೀಟ್ ಇದ್ರೆ ಬಿಟ್ ಬದಲಿಸಿ ಬಡಿತ ಆನ್ ಮಾಡಿ.

ಧೂಳ್ಮಗ:
ತೂತು ಆದ್ಮೇಲೆ ಒಳಗಿನ ಪುಡಿ ತೆಗಿಯದೆ ಆಂಕರ್ ಹೊಡಿಬೇಡಿ, ಹಿಡಿತಾನೇ ಬರಲ್ಲ. ಗಾಳಿ ಪಂಪಲ್ಲಿ ಊದಿ, ಬ್ರಷ್ ಹಾಕಿ, ಮತ್ತೆ ಊದಿ. ಕೆಮಿಕಲ್ ಆಂಕರ್ (ತೂತಿಗೆ ಅಂಟು ತುಂಬಿ ಕೂರಿಸೋದು) ಆದ್ರಂತೂ ಬಿಡ್ಲೇಬೇಡಿ. ಆ ಧೂಳಲ್ಲಿ ಸಿಲಿಕಾ ಇರುತ್ತೆ, ಕರ್ಚೀಫ್ ಕಟ್ಕೊಂಡ್ರೆ ಆಗಲ್ಲ, ಎನ್95 ಹಾಕಿ, ಕನ್ನಡಕಾನೂ ಹಾಕಿ. ಸೀಲಿಂಗ್ ಕೊರಿಯುವಾಗ ಅದೆಲ್ಲ ನೆಟ್ಟಗೆ ಮುಖಕ್ಕೇ ಬರೋದು.